ಕೆಂಪು ಪೆಟ್ಟಿಗೆಯ ವೈರಿಂಗ್

ಅಮೆರಿಕದಲ್ಲಿ 1950ರ ದಶಕದ ಕೋಲಾ ಯಂತ್ರವೊಂದು ಮಾರಾಟಕ್ಕೆ ಬಂದರೆ ಮಾತೆಲ್ಲ ಬಣ್ಣದ ಸುತ್ತ ಸುತ್ತುತ್ತದೆ. ಕೆಂಪು ಮೂಲದ್ದೋ ಆಮೇಲೆ ಬಳಿದದ್ದೋ, ಬಾಗಿಲ ಮೇಲಿನ ಉಬ್ಬು ಅಕ್ಷರಗಳು ಸವೆದಿವೆಯೋ ಇಲ್ಲವೋ, ಹಿಡಿಕೆಯ ಕ್ರೋಮ್ ಎದ್ದಿದೆಯೋ ಹೇಗೆ ಎಂಬ ವಿಚಾರಣೆ ನಡೆಯುತ್ತದೆ. ಬಾಗಿಲು ತೆಗೆದು ಒಳಗಿನ ವೈರುಗಳನ್ನು ನೋಡುವವರು ಕಡಿಮೆ. ನೋಡಿದವರೂ ಅದನ್ನು ಖರ್ಚಿನ ಬಾಬತ್ತೆಂದು ಬರೆದುಕೊಳ್ಳುತ್ತಾರೆಯೇ ಹೊರತು ಯಂತ್ರದ ಚರಿತ್ರೆಯ ಪುಟವೆಂದು ಓದುವುದಿಲ್ಲ. ನನಗೆ ಇದು ತಲೆಕೆಳಗಾದ ಕ್ರಮವೆಂದು ತೋರುತ್ತದೆ. ನಾಣ್ಯ ಹಾಕಿದರೆ ತಣ್ಣನೆಯ ಬಾಟಲಿ ಕೊಡುತ್ತಿದ್ದ ಈ ಪೆಟ್ಟಿಗೆ ಯಾವ ಕಾಲದಲ್ಲೂ ಒಮ್ಮೆ ಮಾಡಿ ಮುಗಿಸಿದ ವಸ್ತುವಾಗಿರಲಿಲ್ಲ. ಬಿಚ್ಚುವುದಕ್ಕೆ, ಬದಲಿಸುವುದಕ್ಕೆ, ಮತ್ತೆ ಕೂಡಿಸುವುದಕ್ಕೆ ಎಂದೇ ಅದನ್ನು ಕಟ್ಟಿದ್ದರು. ಅದರಲ್ಲಿ ಹೆಚ್ಚು ಬದಲಾದದ್ದು, ಹೆಚ್ಚು ಕೆಟ್ಟದ್ದು, ಹೆಚ್ಚು ರಿಪೇರಿಯಾದದ್ದು ವಿದ್ಯುತ್ತು ಮತ್ತು ದೀಪದ ಭಾಗ. ಆದ್ದರಿಂದ ಸುಟ್ಟ ಚೋಕ್ ತೆಗೆದು ಹೊಸದು ಹಾಕುವ ಮೆಕ್ಯಾನಿಕ್ ಆ ಯಂತ್ರದ ಚರಿತ್ರೆಯನ್ನು ಅಳಿಸುತ್ತಿಲ್ಲ, ಮುಂದುವರಿಸುತ್ತಿದ್ದಾನೆ. ಮೂಲದ್ದೆಂಬ ಗೌರವದಿಂದ ಸತ್ತ ವೈರನ್ನು ಹಾಗೆಯೇ ಉಳಿಸುವವನು ಅದಕ್ಕೆ ಹಿಂದೆಂದೂ ಇಲ್ಲದ ಪಟ್ಟವನ್ನು ಕಟ್ಟುತ್ತಿದ್ದಾನೆ.

ಈ ಯಂತ್ರ ಹುಟ್ಟಿದ್ದು ವಿದ್ಯುತ್ತಿನಿಂದಲ್ಲ, ಮಂಜುಗಡ್ಡೆಯಿಂದ. 1929ರಲ್ಲಿ ಇಂಡಿಯಾನಾ ರಾಜ್ಯದ ಮನ್ಸಿ ಊರಿನ ಗ್ಲಾಸ್‌ಕಾಕ್ ಸಹೋದರರ ಕಾರ್ಖಾನೆ ಕೋಕಾ-ಕೋಲಾ ಕಂಪನಿಗೆಂದು ಮಾಡಿಕೊಟ್ಟ ಕೂಲರ್ ಕಾಲುಗಳ ಮೇಲೆ ನಿಂತ ಒಂದು ತಗಡಿನ ಪೆಟ್ಟಿಗೆ. ಐಸ್ ತುಂಬಿ ಬಾಟಲಿ ಮುಳುಗಿಸಿದರೆ ಕೆಲಸ ಮುಗಿಯಿತು. ಬೆಲೆ ಹನ್ನೆರಡೂವರೆ ಡಾಲರ್. ಕಾಸು ಇಸಿದುಕೊಳ್ಳಲು ಪಕ್ಕದಲ್ಲಿ ಅಂಗಡಿಯವನು ನಿಂತಿರುತ್ತಿದ್ದ. ತಳ ತುಕ್ಕು ಹಿಡಿಯುವುದನ್ನು ಬಿಟ್ಟರೆ ಅದರಲ್ಲಿ ಕೆಡುವಂಥದ್ದು ಏನೂ ಇರಲಿಲ್ಲ. 1930ರ ದಶಕದಲ್ಲಿ ಐಸ್ ಇದ್ದ ಜಾಗಕ್ಕೆ ಕಂಪ್ರೆಸರ್ ಬಂತು. ವೆಸ್ಟಿಂಗ್‌ಹೌಸ್‌ನಂಥ ವಿದ್ಯುತ್ ಕಂಪನಿಗಳು ಈ ಕೆಲಸಕ್ಕಿಳಿದವು. ನಾಣ್ಯದ ಕಥೆ ಇನ್ನೂ ಸ್ವಾರಸ್ಯದ್ದು. 1937ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ಶುರುವಾಗಿ ಮುಂದೆ ಈ ಉದ್ಯಮದ ದೊಡ್ಡ ಹೆಸರಾದ ವೆಂಡೋ ಕಂಪನಿಯ ಮೊದಲ ಸರಕು ಇಡೀ ಯಂತ್ರವೂ ಆಗಿರಲಿಲ್ಲ, ಬರೀ ಒಂದು ಮುಚ್ಚಳ. 'ರೆಡ್ ಟಾಪ್' ಎಂದು ಅದರ ಹೆಸರು. ಅಂಗಡಿಯಲ್ಲಿ ಆಗಲೇ ಇದ್ದ ಕೂಲರಿನ ಮೇಲೆ ಅದನ್ನು ಕೂರಿಸುವುದು, ನಾಣ್ಯ ಬಿದ್ದ ಮೇಲೆ ಮುಚ್ಚಳ ತಿರುಗಿಸಿದರೆ ಒಂದು ಬಾಟಲಿಗೆ ಕೈ ಎಟಕುವುದು. ಅಂದರೆ ಈ ಉದ್ಯಮದ ಒಂದು ಬುಡವೇ ಇದ್ದ ಪೆಟ್ಟಿಗೆಗೆ ಹೊಸ ಭಾಗ ಜೋಡಿಸುವ ಕಸುಬು. ಟೆನೆಸಿಯ ಚಟನೂಗಾದಲ್ಲಿ ದೇವದಾರು ಪೆಟ್ಟಿಗೆಗಳನ್ನು ಮಾಡುತ್ತಿದ್ದ ಕ್ಯಾವಲಿಯರ್, ಕ್ಯಾಲಿಫೋರ್ನಿಯಾದ ಫ್ರೆಸ್ನೋದ ವೆಂಡೋರ್‌ಲೇಟರ್ ಮೊದಲಾದವು ಇದೇ ಕಣಕ್ಕೆ ಬಂದವು. ವೆಂಡೋ 39, ವೆಂಡೋ 81 ಎಂಬ ಮಾದರಿಗಳ ಹೆಸರಿನಲ್ಲಿರುವ ಸಂಖ್ಯೆ ಮಾರಾಟಕ್ಕೆ ಸಿದ್ಧವಾಗಿ ನಿಂತ ಬಾಟಲಿಗಳದ್ದು.

ಆ ಕಾಲದ ಅನೇಕ ಮಾದರಿಗಳಲ್ಲಿ ವಿದ್ಯುತ್ತಿನ ಪಾಲು ತಂಪು ಮಾಡುವುದಷ್ಟೇ. ಬಾಟಲಿಯನ್ನು ಹೊರಗೆ ತರುವ ಕೆಲಸ ಗಿರಾಕಿಯ ಕೈಯದು: ನಾಣ್ಯ ಒಳಗೆ ಬಿದ್ದು ಅಗುಳಿ ಬಿಡಿಸುತ್ತದೆ, ಹಿಡಿಕೆ ತಿರುಗುತ್ತದೆ, ಬಾಟಲಿ ಬರುತ್ತದೆ. ಕರೆಂಟು ಹೋದರೂ ವ್ಯಾಪಾರ ನಿಲ್ಲುತ್ತಿರಲಿಲ್ಲ, ಬಾಟಲಿ ಬೆಚ್ಚಗಾಗುತ್ತಿತ್ತು ಅಷ್ಟೆ. ಹೀಗಾಗಿ ಆ ತಲೆಮಾರಿನ ಯಂತ್ರದಲ್ಲಿ ಇಂದು ಸಿಗುವ ದೋಷಗಳ ಪಟ್ಟಿ ಚಿಕ್ಕದು. ಥರ್ಮೋಸ್ಟಾಟ್ ಅಂಟಿಕೊಂಡಿರುತ್ತದೆ, ಕಂಪ್ರೆಸರನ್ನು ಎಬ್ಬಿಸುವ ರಿಲೇಯ ಸಂಪರ್ಕಬಿಂದುಗಳು ಕರಿ ಹಿಡಿದಿರುತ್ತವೆ, ಕೆಪಾಸಿಟರ್ ಸತ್ತಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ವೈರಿನ ಹೊದಿಕೆ ಹೋಗಿರುತ್ತದೆ. ಆಗಿನ ವೈರಿಗೆ ರಬ್ಬರ್ ಹೊದಿಸಿ ಮೇಲೆ ಹತ್ತಿಯ ನೂಲು ಹೆಣೆಯುತ್ತಿದ್ದರು. ಹೊರಗಿನ ನೂಲು ದಶಕಗಳ ನಂತರವೂ ನೋಡಲು ನೆಟ್ಟಗೇ ಇರುತ್ತದೆ. ಒಳಗಿನ ರಬ್ಬರ್ ಒಣಗಿ, ಬಗ್ಗಿಸಿದ ಕಡೆ ಬಿರಿದು, ಪುಡಿಯಾಗಿ ಉದುರುತ್ತದೆ. ಮುಟ್ಟದಿದ್ದರೆ ತಾಮ್ರ ತಾಮ್ರಕ್ಕೆ ತಾಗುವುದಿಲ್ಲ, ಮುಟ್ಟಿದರೆ ತಾಗುತ್ತದೆ. ಕಣ್ಣಿಗೆ ಸಾಚಾ ಎನಿಸುವ ವೈರೇ ಅಪಾಯದ್ದು ಎಂಬ ಈ ಸಂಗತಿ 'ಮೂಲದ್ದನ್ನು ಮುಟ್ಟಬೇಡಿ' ಎನ್ನುವವರಿಗೆ ಬಿಡಿಸಲಾಗದ ಕಗ್ಗಂಟು.

ಇಷ್ಟೆಲ್ಲ ಯಂತ್ರಗಳು ಯಾರ ಕೈಯಲ್ಲಿದ್ದವು ಎಂಬುದು ನನ್ನ ವಾದಕ್ಕೆ ಮುಖ್ಯ. ಕೋಕಾ-ಕೋಲಾದ ಬೆಲೆ 1886ರಿಂದ 1950ರ ದಶಕದ ಕೊನೆಯವರೆಗೆ ಐದು ಸೆಂಟಿಗೇ ಏಕೆ ನಿಂತುಬಿಟ್ಟಿತು ಎಂದು ಹುಡುಕಿದ ಅರ್ಥಶಾಸ್ತ್ರಜ್ಞರಾದ ಡೇನಿಯಲ್ ಲೆವಿ ಮತ್ತು ಆಂಡ್ರ್ಯೂ ಯಂಗ್ ಕೊಡುವ ಲೆಕ್ಕದಂತೆ, 1950ರಲ್ಲಿ ಅಮೆರಿಕದಲ್ಲಿದ್ದ 4,60,000 ವೆಂಡಿಂಗ್ ಯಂತ್ರಗಳಲ್ಲಿ ಶೇ. 85ಕ್ಕೂ ಹೆಚ್ಚು ಆ ಒಂದೇ ಕಂಪನಿಯವು. ಅವುಗಳ ನಾಣ್ಯದ ಕಂಡಿ ಐದು ಸೆಂಟಿನ ನಿಕಲ್ ನಾಣ್ಯಕ್ಕೆ ಹೊಂದಿಸಿದ್ದು. ಆರು ಸೆಂಟು ಮಾಡೋಣವೆಂದರೆ ಎರಡು ನಾಣ್ಯ ಬೇಕು, ಹತ್ತು ಸೆಂಟೆಂದರೆ ಬೆಲೆ ಒಮ್ಮೆಗೇ ದುಪ್ಪಟ್ಟು. ಕಂಪನಿಯ ಮುಖ್ಯಸ್ಥ ರಾಬರ್ಟ್ ವುಡ್ರಫ್ 1953ರಲ್ಲಿ ತಮ್ಮ ಸ್ನೇಹಿತ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಏಳೂವರೆ ಸೆಂಟಿನ ಹೊಸ ನಾಣ್ಯ ಹೊಡೆಸಿ ಎಂದು ಕೇಳಿದ್ದು ಹಾಸ್ಯವೆನಿಸಿದರೂ ನಿಜ. ನಾಣ್ಯ ಹೊಡೆಯಲಿಲ್ಲ, ಬೆಲೆ ಏರಿತು. ಏರಿದಾಗ ಊರೂರಿನಲ್ಲಿ ನಿಂತಿದ್ದ ಯಂತ್ರಗಳನ್ನು ಎಸೆಯಲಿಲ್ಲ. ನಾಣ್ಯದ ಭಾಗವನ್ನು ಬಿಚ್ಚಿ ಹೊಸ ಬೆಲೆಗೆ ಹೊಂದಿಸಿದರು. ಬಾಟಲಿ ತುಂಬುವ ಸ್ಥಳೀಯ ಘಟಕಗಳಿಗೆ ಈ ಕೆಲಸ ದಿನನಿತ್ಯದ್ದು. ಕೆಟ್ಟ ಯಂತ್ರವನ್ನು ಹೊತ್ತು ತರುವುದು, ಇನ್ನೊಂದರ ಭಾಗ ಹಾಕುವುದು, ಬಣ್ಣ ಬಳಿಯುವುದು, ಬೇರೆ ಪೆಟ್ರೋಲ್ ಬಂಕಿಗೆ ಸಾಗಿಸುವುದು. ಯಂತ್ರವನ್ನು ಮಾಡಿದವರಿಗೂ ಇದು ಗೊತ್ತಿತ್ತು. ಬಾಗಿಲ ಒಳಮೈಗೆ ವೈರಿಂಗ್ ನಕ್ಷೆ ಅಂಟಿಸಿ ಕಳಿಸುತ್ತಿದ್ದರು. ಅನೇಕ ಮಾದರಿಗಳಲ್ಲಿ ತಂಪು ಮಾಡುವ ಘಟಕವನ್ನು ಇಡಿಯಾಗಿ ಹೊರಗೆಳೆದು ಇನ್ನೊಂದನ್ನು ತಳ್ಳುವಂತೆ ಕೂರಿಸಿದ್ದರು. ಗಿರಾಕಿ ಎಂದೂ ನೋಡದ ಜಾಗದಲ್ಲಿ ಅಂಟಿಸಿದ ಆ ನಕ್ಷೆ ಮುಂದೆ ಬರಲಿರುವ ಮೆಕ್ಯಾನಿಕ್‌ಗೆಂದೇ ಬರೆದ ಓಲೆ.

ದೀಪ ಬಂದದ್ದು ತಡವಾಗಿ. ಗುಂಡನೆಯ ಭುಜದ, ಉಬ್ಬು ಅಕ್ಷರದ ಹಳೆಯ ಯಂತ್ರಗಳು ಹಗಲಿನ ಯಂತ್ರಗಳು. ಅವು ಇದ್ದದ್ದು ಅಂಗಡಿಯೊಳಗೆ, ಕಾರ್ಖಾನೆಯ ಪಡಸಾಲೆಯಲ್ಲಿ, ಯಾರದಾದರೂ ಕಣ್ಣಳತೆಯಲ್ಲಿ. ಒಳಗೆ ದೀಪವಿಡಲು ಒಂದು ತಾಂತ್ರಿಕ ಅಡ್ಡಿಯೂ ಇತ್ತು: ಬುರುಡೆ ಬಲ್ಬು ಬೆಳಕಿಗಿಂತ ಶಾಖವನ್ನೇ ಹೆಚ್ಚು ಕೊಡುತ್ತದೆ, ತಂಪು ಪೆಟ್ಟಿಗೆಗೆ ಶಾಖ ಬೇಡ. ಜನರಲ್ ಎಲೆಕ್ಟ್ರಿಕ್ ಕಂಪನಿ 1938ರಲ್ಲಿ ಟ್ಯೂಬ್‌ಲೈಟನ್ನು ಮಾರುಕಟ್ಟೆಗೆ ತಂದು, ಮರುವರ್ಷದ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನ ಅದನ್ನು ಕಂಡ ಮೇಲೆ ಈ ಅಡ್ಡಿ ಸಡಿಲವಾಯಿತು. ಆದರೆ ಯುದ್ಧದ ವರ್ಷಗಳಲ್ಲಿ ಉಕ್ಕು ಸೇನೆಗೆ ಹೋಯಿತು. ಬೆಳಗುವ ಪ್ಲಾಸ್ಟಿಕ್ ಫಲಕವನ್ನೇ ಮುಖವಾಗಿಸಿಕೊಂಡ ಚೌಕಾಕಾರದ ಯಂತ್ರಗಳು ಎಲ್ಲೆಡೆ ಕಾಣಿಸಿದ್ದು 1960ರ ದಶಕ ಮತ್ತು ಅದರಾಚೆ. ಹೆದ್ದಾರಿ, ಮೋಟೆಲ್ಲು, ರಾತ್ರಿಯಿಡೀ ತೆರೆದಿರುವ ಬಂಕು ಬೆಳೆದ ಕಾಲ ಅದು. ಯಂತ್ರ ಹೊರಗೆ ಬಂತು, ಒಂಟಿಯಾಯಿತು, ಪಕ್ಕದಲ್ಲಿ ನಿಲ್ಲುವ ಮನುಷ್ಯ ಇಲ್ಲವಾದ. ಅವನು ಆಡುತ್ತಿದ್ದ ಮಾತುಗಳನ್ನೆಲ್ಲ ದೀಪಗಳು ಆಡಬೇಕಾಯಿತು. 'ಇಲ್ಲಿದ್ದೇನೆ' ಎನ್ನಲು ದೊಡ್ಡ ಫಲಕ, 'ಖಾಲಿ' ಎನ್ನಲು ಗುಂಡಿಯ ಹಿಂದೆ ಕಡ್ಡಿಯಷ್ಟು ಬಲ್ಬು, 'ಸರಿಯಾದ ಚಿಲ್ಲರೆ ಹಾಕಿ' ಎನ್ನಲು ಇನ್ನೊಂದು. (ನಮ್ಮ ರೈಲ್ವೆ ಪ್ಲಾಟ್‌ಫಾರ್ಮಿನ ತೂಕದ ಯಂತ್ರದಲ್ಲಿ ಬಣ್ಣದ ಬಲ್ಬುಗಳು ಮಿನುಗಿ, ಚಕ್ರ ತಿರುಗಿ ಮಕ್ಕಳನ್ನು ಕರೆಯುತ್ತಿದ್ದುದೂ ಇದೇ ಕೆಲಸಕ್ಕೆ. ತೂಗಲು ಅವುಗಳ ಅಗತ್ಯವೇನೂ ಇರಲಿಲ್ಲ.) ಈ ಕಾಲದ ಯಂತ್ರದಲ್ಲಿ ದೀಪ ಕೆಟ್ಟರೆ ಅಲಂಕಾರ ಕೆಟ್ಟಂತಲ್ಲ, ಅಂಗಡಿಯವನು ಬಾಯಿ ಮುಚ್ಚಿಕೊಂಡಂತೆ.

ಈಗ ಆ ಟ್ಯೂಬಿನ ಹತ್ತಿರ ಹೋಗೋಣ. ನಮ್ಮ ಮನೆಗಳಲ್ಲಿ ದಶಕಗಳ ಕಾಲ ಉರಿದ ನಾಲ್ಕಡಿ ಟ್ಯೂಬ್‌ಲೈಟಿನ ಚೋಕ್ ಸರಳ ವಸ್ತು: ಕಬ್ಬಿಣದ ಪಟ್ಟಿಗಳ ಮೇಲೆ ಸುತ್ತಿದ ಒಂದು ಸುರುಳಿ. 230 ವೋಲ್ಟ್ ಇರುವುದರಿಂದ ಅಷ್ಟು ಸಾಕಾಗುತ್ತದೆ. ಅಮೆರಿಕದ 120 ವೋಲ್ಟಿಗೆ ಉದ್ದದ ಟ್ಯೂಬನ್ನು ಹೊತ್ತಿಸುವ ತಾಕತ್ತಿಲ್ಲ. ಚಿಕ್ಕ ಟ್ಯೂಬುಗಳಿಗೆ ಅಲ್ಲೂ ಸರಳ ಚೋಕ್ ಮತ್ತು ಸ್ಟಾರ್ಟರ್ ನಡೆಯುತ್ತದೆ. ಉದ್ದದವಕ್ಕೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರೂ ಸೇರಿದ, ಕೆಪಾಸಿಟರೂ ಇರುವ, ಡಾಂಬರಿನಂಥ ಕರಿ ಸರಕು ಸುರಿದು ಮುಚ್ಚಿದ ಭಾರದ ಡಬ್ಬಿಯೇ ಬೇಕು. ಆ ಗೊಣಗುಟ್ಟುವ ಸದ್ದು ಅದರ ಪಟ್ಟಿಗಳದ್ದು. 60 ಹರ್ಟ್ಸ್ ವಿದ್ಯುತ್ತಿನಲ್ಲಿ ಅವು ಸೆಕೆಂಡಿಗೆ 120 ಬಾರಿ ಅದುರುತ್ತವೆ. ಕಾಲಕ್ರಮದಲ್ಲಿ ಡಬ್ಬಿ ಬಿಸಿಯಾಗಿ ಡಾಂಬರು ತೊಟ್ಟಿಕ್ಕುತ್ತದೆ. ಟ್ಯೂಬ್ ಇರುವ ಜಾಗವೂ ಅದಕ್ಕೆ ಒಗ್ಗುವಂಥದ್ದಲ್ಲ. ಕೋಣೆಯ ಸಾಧಾರಣ ಬಿಸಿಯಲ್ಲಿ ಚೆನ್ನಾಗಿ ಬೆಳಗುವಂತೆ ಮಾಡಿದ ಟ್ಯೂಬು ಚಳಿಯಲ್ಲಿ ಒಳಗಿನ ಪಾದರಸದ ಆವಿ ಕಡಿಮೆಯಾಗಿ ಮಂಕಾಗುತ್ತದೆ, ಹೊತ್ತಿಕೊಳ್ಳಲು ತಿಣುಕುತ್ತದೆ. ತಂಪು ಪೆಟ್ಟಿಗೆಯ ಬಾಗಿಲಲ್ಲಿ, ಅದೂ ಚಳಿಗಾಲದ ಬಯಲಿನಲ್ಲಿ, ಅದು ಮಿಟುಕಿಸುತ್ತ ಕೂತರೆ ಸ್ಟಾರ್ಟರ್ ಪದೇ ಪದೇ ಹೊಡೆದುಕೊಂಡು ಬೇಗ ಸಾಯುತ್ತದೆ, ಜೊತೆಗೆ ಟ್ಯೂಬಿನ ತುದಿಗಳೂ ಕಪ್ಪಾಗುತ್ತವೆ. ಪ್ರತಿ ಬಾರಿ ಬಾಗಿಲು ತೆಗೆದಾಗ ನುಗ್ಗುವ ಹಸಿ ಗಾಳಿ ತಣ್ಣನೆಯ ತಗಡಿನ ಮೇಲೆ ನೀರಾಗಿ ಇಳಿಯುತ್ತದೆ. ಟ್ಯೂಬ್ ಹಿಡಿಯುವ ಪ್ಲಾಸ್ಟಿಕ್ ಹೋಲ್ಡರುಗಳು ಪೆಡಸಾಗಿ ಒಡೆಯುತ್ತವೆ, ಪಿನ್ನಿನ ಹಿತ್ತಾಳೆಗೆ ಹಸಿರು ಕಿಲುಬು ಕಟ್ಟುತ್ತದೆ. ಬಾಗಿಲು ಮತ್ತು ಪೆಟ್ಟಿಗೆಯ ನಡುವೆ ಹಾದು ಬರುವ ವೈರು ಸಾವಿರಾರು ಬಾರಿ ಮಡಿಸಿ ಬಿಡಿಸಿ ಒಳಗೇ ತುಂಡಾಗಿರುತ್ತದೆ. ದೀಪ ಬಾಗಿಲು ತೆರೆದಾಗ ಉರಿದು ಮುಚ್ಚಿದಾಗ ಆರಿದರೆ ಅನುಭವಸ್ಥರು ಟ್ಯೂಬನ್ನು ಮುಟ್ಟುವುದಿಲ್ಲ, ನೇರ ಕೀಲಿನ ಹತ್ತಿರ ಹೋಗುತ್ತಾರೆ.

ಇವೆಲ್ಲಕ್ಕಿಂತ ಕುತೂಹಲದ ದೋಷ ಇನ್ನೊಂದಿದೆ, ಬಣ್ಣಕ್ಕೂ ವೈರಿಗೂ ನಡುವಿನ ಜಗಳ ಅದರಲ್ಲಿ ಬಯಲಾಗುತ್ತದೆ. 1952ರಲ್ಲಿ ಸ್ಟಾರ್ಟರ್ ಬೇಡದ 'ರ್‍ಯಾಪಿಡ್ ಸ್ಟಾರ್ಟ್' ಎಂಬ ಬಗೆಯ ಟ್ಯೂಬು ಮತ್ತು ಚೋಕ್ ಬಂದವು. ಈ ಬಗೆ ನೆಚ್ಚಿಗೆಯಿಂದ ಹೊತ್ತಿಕೊಳ್ಳಬೇಕಾದರೆ ಟ್ಯೂಬಿನ ಉದ್ದಕ್ಕೂ, ಹೆಚ್ಚೆಂದರೆ ಒಂದಂಗುಲ ಅಂತರದಲ್ಲಿ, ಅರ್ಥಿಂಗ್ ಆದ ಲೋಹದ ಪಟ್ಟಿ ಇರಬೇಕು. ಟ್ಯೂಬಿಗೂ ಆ ಲೋಹಕ್ಕೂ ನಡುವಿನ ವಿದ್ಯುತ್ ಕ್ಷೇತ್ರವೇ ಒಳಗಿನ ಅನಿಲವನ್ನು ಮೊದಲು ಎಬ್ಬಿಸುವುದು. ಯಂತ್ರದ ತಗಡಿನ ಬೆನ್ನೇ ಈ ಕೆಲಸ ಮಾಡುತ್ತಿತ್ತು. ಈಗ ಸಂಗ್ರಾಹಕನೊಬ್ಬ ಯಂತ್ರವನ್ನು ಪೂರ್ತಿ ಬಿಚ್ಚಿ, ತಗಡನ್ನು ಬಿಳಿಯಾಗುವವರೆಗೆ ಉಜ್ಜಿ, ಎಲ್ಲ ಭಾಗಕ್ಕೂ ದಪ್ಪ ಪೌಡರ್ ಕೋಟಿಂಗ್ ಮಾಡಿಸಿ ಮತ್ತೆ ಜೋಡಿಸಿದನೆನ್ನಿ. ಸ್ಕ್ರೂ ಕೂರುವ ರಂಧ್ರದ ಸುತ್ತಲೂ ಬಣ್ಣ, ಚೋಕಿನ ಡಬ್ಬಿಯ ಕೆಳಗೂ ಬಣ್ಣ. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ಟ್ಯೂಬ್ ಹೊಸದು, ಚೋಕ್ ಹೊಸದು, ವೋಲ್ಟೇಜ್ ಸರಿ, ಆದರೂ ದೀಪ ಹೊತ್ತುವುದಿಲ್ಲ. ಗಾಜಿನ ಮೇಲೆ ಅಂಗೈ ಸವರಿದರೆ ಮಾತ್ರ ಸರ್ರನೆ ಹೊತ್ತಿಕೊಳ್ಳುತ್ತದೆ, ಏಕೆಂದರೆ ಆಗ ಮನುಷ್ಯನ ಮೈಯೇ ಅರ್ಥಿನ ಪಟ್ಟಿಯಾಗುತ್ತದೆ. ಪರಿಹಾರ ಸುಲಭ: ಸ್ಕ್ರೂ ಕೂರುವ ಕಡೆ ಕಾಸಿನಗಲ ಬಣ್ಣ ಕೆರೆದು ಅರ್ಥ್ ವೈರು ಬಿಗಿಯುವುದು. ಕಣ್ಣಿಗೆ ಕಾಣುವ ಮೂಲರೂಪವನ್ನು ಮರಳಿಸುವ ಭರದಲ್ಲಿ ಯಂತ್ರ ನಡೆಯುವ ಬಗೆಯನ್ನು ಕೆಡಿಸಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ತಿಳಿಯದು.

ಅರ್ಥಿಂಗ್ ಎಂದೊಡನೆ ದೀಪದ ಮಾತು ಹಿಂದೆ ಸರಿದು ಜೀವದ ಮಾತು ಮುಂದೆ ಬರುತ್ತದೆ. ಹಳೆಯ ಯಂತ್ರದ ಪ್ಲಗ್ಗಿಗೆ ಎರಡೇ ಪಿನ್ನು. ಒಳಗೆ ನೀರು ಇಳಿಯುವ, ಹೊರಗೆ ಒದ್ದೆ ಸಿಮೆಂಟಿನ ಮೇಲೆ ನಿಂತ, ಗಿರಾಕಿ ಲೋಹದ ಹಿಡಿಕೆಯನ್ನು ಹಿಡಿಯಲೇಬೇಕಾದ ಉಪಕರಣ ಇದು. ಕಂಪ್ರೆಸರಿನ ಸುರುಳಿಯೋ ಬಿರಿದ ವೈರೋ ತಗಡಿಗೆ ತಾಗಿದರೆ ಇಡೀ ಪೆಟ್ಟಿಗೆಯೇ ಫೇಸ್ ಆಗುತ್ತದೆ, ಫ್ಯೂಸು ಹೋಗುವುದೂ ಇಲ್ಲ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಹೊಸ ವೈರಿಂಗಿನಲ್ಲೆಲ್ಲ ಅರ್ಥ್ ಇರುವ ಮೂರು ಕಂಡಿಯ ಸಾಕೆಟ್ಟನ್ನು ಕಡ್ಡಾಯ ಮಾಡಿದ್ದು 1962ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್, ಮನುಷ್ಯನ ದೇಹ ಎಷ್ಟು ವಿದ್ಯುತ್ತನ್ನು ತಡೆಯಬಲ್ಲದು ಎಂಬ ತಮ್ಮ ಅಧ್ಯಯನದ ಬೆನ್ನಲ್ಲೇ, ಐದು ಮಿಲಿ ಆಂಪಿಯರಿನಷ್ಟು ಸೋರಿಕೆಯಾದರೂ ಕ್ಷಣದಲ್ಲಿ ಕಡಿದುಹಾಕುವ ಸಾಧನವನ್ನು ರೂಪಿಸಿದರು. ನಮ್ಮ ಮನೆಯ ಬೋರ್ಡಿನ ಆರ್‌ಸಿಸಿಬಿಗೆ ಅದು ಹತ್ತಿರದ ನೆಂಟ. ಆದರೆ ವೆಂಡಿಂಗ್ ಯಂತ್ರದ ವೈರಿನಲ್ಲೇ ಈ ಸಾಧನ ಇರಬೇಕೆಂಬ ನಿಯಮ ಬರಲು 2005ರವರೆಗೆ ಕಾಯಬೇಕಾಯಿತು. ಆ ನಿಯಮದ ಮಾತನ್ನು ಗಮನಿಸಬೇಕು: ಆ ವರ್ಷದ ಜನವರಿ 1ರಿಂದ ಹೊಸದಾಗಿ ತಯಾರಾದವಕ್ಕೆ ಮಾತ್ರವಲ್ಲ, ಮರುತಯಾರಿಕೆಯಾದವಕ್ಕೂ ಅದು ಅನ್ವಯ. ಈ ಯಂತ್ರಗಳು ಕಾರ್ಖಾನೆಯಿಂದ ಒಮ್ಮೆ ಹೊರಬಿದ್ದು ಮುಗಿಯುವುದಿಲ್ಲ, ಮತ್ತೆ ಮತ್ತೆ ಒಳಗೆ ಹೋಗಿ ಹೊರಗೆ ಬರುತ್ತವೆ ಎಂಬುದನ್ನು ಕಾನೂನೇ ಒಪ್ಪಿಕೊಂಡಿದೆ. ಸಂಗ್ರಾಹಕರು ಒಪ್ಪಲು ಹಿಂಜರಿಯುವುದೇ ವಿಚಿತ್ರ.

ಅವರ ಆಕ್ಷೇಪವನ್ನು ಹಗುರವಾಗಿ ತಳ್ಳಲೂ ಬಾರದು. ಹತ್ತಿ ಹೆಣೆದ ವೈರು, ಡಾಂಬರು ತುಂಬಿದ ಚೋಕ್, ಕೈಯಲ್ಲಿ ಬೆಸೆದ ಗಂಟು—ಇವೂ ಸಾಕ್ಷ್ಯಗಳೇ. ಎಲ್ಲ ಕಿತ್ತು ಹೊಸ ಪ್ಲಾಸ್ಟಿಕ್ ವೈರು ಹಾಕಿದರೆ ಆ ಕಾಲದ ಕಾರ್ಮಿಕ ಹೇಗೆ ಕೆಲಸ ಮಾಡುತ್ತಿದ್ದ ಎಂದು ಮುಂದಿನವರು ತಿಳಿಯುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದು. ಆದರೆ ಅದರೊಳಗೆ ಒಂದು ಊಹೆ ಅಡಗಿದೆ: ಇಂದು ಯಂತ್ರದಲ್ಲಿರುವುದು ಕಾರ್ಖಾನೆ ಬಿಟ್ಟಾಗಿನದು ಎಂಬ ಊಹೆ. ಇಪ್ಪತ್ತು ವರ್ಷ ಪೆಟ್ರೋಲ್ ಬಂಕಿನಲ್ಲಿ ದುಡಿದ ಯಂತ್ರದಲ್ಲಿ ಅದು ಬಹಳ ಸಲ ಸುಳ್ಳು. ಒಂದೇ ಪೆಟ್ಟಿಗೆಯಲ್ಲಿ ರಬ್ಬರ್ ವೈರಿಗೆ ಪ್ಲಾಸ್ಟಿಕ್ ವೈರು ಕಟ್ಟಿದ್ದು, ನಕ್ಷೆಯಲ್ಲಿ ಒಂದು ಬಣ್ಣ ಕೈಯಲ್ಲಿ ಇನ್ನೊಂದು ಬಣ್ಣ, ಬೇರೆ ಕಂಪನಿಯ ರಿಲೇ ಇವೆಲ್ಲ ಸಿಗುತ್ತವೆ. 'ಮೂಲ' ಎಂದು ನಾವು ಕಾಪಾಡಲು ಹೊರಡುವುದು ಎಷ್ಟೋ ವೇಳೆ ಯಾರೋ ಮೆಕ್ಯಾನಿಕ್ ಅವಸರದಲ್ಲಿ ಮಾಡಿ ಹೋದ ರಿಪೇರಿಯನ್ನು. ಅದನ್ನೂ ದಾಖಲಿಸಬೇಕು, ಸಂಶಯವಿಲ್ಲ. ಫೋಟೋ ತೆಗೆಯಲಿ, ಕಿತ್ತ ವೈರಿನ ಒಂದು ತುಂಡನ್ನು ಚೀಟಿ ಕಟ್ಟಿ ಎತ್ತಿಡಲಿ. ಚೋಕಿನ ವಿಷಯದಲ್ಲಿ ಮಾತ್ರ ಈ ಉದಾರತೆಯೂ ಕೂಡದು. ಅಮೆರಿಕದಲ್ಲಿ 1979ರಲ್ಲಿ ತಯಾರಿಕೆ ನಿಷೇಧವಾಗುವವರೆಗೆ ಚೋಕಿನ ಕೆಪಾಸಿಟರಿನಲ್ಲಿ ಪಿಸಿಬಿ ಎಂಬ ರಾಸಾಯನಿಕ ತೈಲ ಬಳಸುತ್ತಿದ್ದರು. ಪರಿಸರದಲ್ಲಿ ಕರಗದೆ ಉಳಿಯುವ, ದೇಹದ ಕೊಬ್ಬಿನಲ್ಲಿ ಶೇಖರವಾಗುವ ವಿಷ ಅದು. 'ಪಿಸಿಬಿ ಇಲ್ಲ' ಎಂಬ ಮುದ್ರೆ ಇಲ್ಲದ ಹಳೆಯ ಚೋಕನ್ನು ಪಿಸಿಬಿ ಇರುವುದೆಂದೇ ಎಣಿಸಿ ಕೈಗವಸು ಹಾಕಿ ತೆಗೆಯುವುದು, ಕಸಕ್ಕೆ ಎಸೆಯದೆ ಅದಕ್ಕೆಂದೇ ಇರುವ ವಿಲೇವಾರಿಗೆ ಕೊಡುವುದು ಅಲ್ಲಿನ ರೂಢಿ. ಸೋರುವ ವಿಷದ ಡಬ್ಬಿಯನ್ನು ಪರಂಪರೆ ಎಂದು ಯಾರೂ ವಾದಿಸಲಾರರು ಎಂದುಕೊಳ್ಳುತ್ತೇನೆ.

ಇನ್ನೊಂದು ಬಗೆಯ ಮಧ್ಯಮಮಾರ್ಗಿಗಳಿದ್ದಾರೆ. ಅವರದು ಸರಳ ಸಲಹೆ: ಯಂತ್ರವನ್ನು ಪ್ಲಗ್ಗಿಗೇ ಹಾಕಬೇಡಿ. ಇದ್ದಂತೆ ಇಡಿ, ನೋಡಿ, ಸಂತೋಷಪಡಿ. ವಸ್ತುಸಂಗ್ರಹಾಲಯದಲ್ಲಿ ಇದು ಸರಿಯಾದ ನೀತಿ, ಅಪರೂಪದ ಮಾದರಿಗೆ ಅದೇ ಸಲ್ಲಬೇಕು. ಆದರೆ ಲಕ್ಷಗಟ್ಟಲೆ ತಯಾರಾದ ಸಾಮಾನ್ಯ ಯಂತ್ರಗಳಿಗೆಲ್ಲ ಇದನ್ನೇ ಅನ್ವಯಿಸಿದರೆ ಕಳೆದುಹೋಗುವುದು ತಿಳಿವಳಿಕೆ. ರಿಲೇ ಯಾವ ಕ್ರಮದಲ್ಲಿ ಎಳೆಯುತ್ತದೆ, 'ಖಾಲಿ' ದೀಪದ ಸ್ವಿಚ್ಚು ಸಿಕ್ಕಿಕೊಂಡರೆ ತುಂಬಿದ ಸಾಲೂ ಏಕೆ ಖಾಲಿಯೆಂದು ತೋರುತ್ತದೆ, ನಾಣ್ಯ ಬಿದ್ದ ಸದ್ದಿನಿಂದ ಬಾಟಲಿ ಬರುವವರೆಗೆ ಎಷ್ಟು ಸಂಪರ್ಕಗಳು ಸರದಿಯಲ್ಲಿ ಕೂಡಬೇಕು ಎಂಬುದೆಲ್ಲ ನಕ್ಷೆಯ ಮೇಲೆ ಗೆರೆಗಳು ಮಾತ್ರ. ನಡೆಯುವ ಯಂತ್ರದಲ್ಲಿ ಅದನ್ನು ಹುಡುಕಿ ಸರಿಪಡಿಸಿದವನಿಗೇ ಅದು ಗೊತ್ತು. ಮಲ್ಟಿಮೀಟರ್ ಹಿಡಿದು ಒಂದೊಂದೇ ಬಿಂದು ಅಳೆಯುತ್ತ, ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದದ್ದನ್ನು ಮೊದಲು ಇಳಿಸಿಕೊಂಡು, ದೋಷವನ್ನು ಮೂಲೆಗೆ ತಳ್ಳುವ ಈ ಕ್ರಮವೇ ಆ ಕಸುಬು. ಬಾಟಲಿ ಘಟಕದ ಮೆಕ್ಯಾನಿಕ್‌ಗಳ ಸ್ಮಾರಕ ಎಲ್ಲೂ ಇಲ್ಲ; ಅವರು ಬಿಟ್ಟುಹೋದ ವಿದ್ಯೆ ಇರುವುದು ಈ ಕೈಗಳಲ್ಲಿ.

ಇಂಥ ಯಂತ್ರವನ್ನು ಬೆಂಗಳೂರಿಗೋ ಮಂಗಳೂರಿಗೋ ತರಿಸಿಕೊಂಡು ಹೋಟೆಲಿನಲ್ಲಿ ನಿಲ್ಲಿಸಬೇಕೆನ್ನುವವರಿಗೆ ಒಂದು ಮಾತು ಇಲ್ಲೇ ಹೇಳಬೇಕು. 230 ವೋಲ್ಟನ್ನು 115ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುತ್ತದೆ, ಅದರಿಂದ ಅರ್ಧ ಸಮಸ್ಯೆಯಷ್ಟೇ ತೀರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಯಂತ್ರ 60ರದು. ಸುರುಳಿ ಒಡ್ಡುವ ತಡೆ ಆವರ್ತಾಂಕದೊಡನೆ ಇಳಿಯುವುದರಿಂದ ಚೋಕ್ ಹೆಚ್ಚು ವಿದ್ಯುತ್ತನ್ನು ಎಳೆದು ಕಾಯುತ್ತದೆ. ಕಂಪ್ರೆಸರ್ ಮೋಟಾರು ಆರನೇ ಒಂದರಷ್ಟು ನಿಧಾನವಾಗಿ ತಿರುಗಿ, ಅದೂ ಕಾಯುತ್ತದೆ. ಅದೇ ಪ್ರಮಾಣದಲ್ಲಿ ವೋಲ್ಟೇಜನ್ನು 96ರ ಹತ್ತಿರಕ್ಕೆ ಇಳಿಸಿದರೆ ಕಾವು ಕಡಿಮೆಯಾದೀತು, ತಂಪೂ ಕಡಿಮೆಯಾಗುತ್ತದೆ. ಭಾರತದ ಕಂಪ್ರೆಸರನ್ನೂ ಭಾರತದ ಚೋಕನ್ನೂ ಹಾಕಿಸುವುದೇ ಇಲ್ಲಿ ವಿವೇಕ. ಶುದ್ಧವಾದಿಗಳಿಗೆ ಇದು ಅಪಚಾರವೆನಿಸಬಹುದು. ಆದರೆ ಇದ್ದ ಪೆಟ್ಟಿಗೆಗೆ ಊರಿಗೆ ಒಗ್ಗುವ ಭಾಗ ಜೋಡಿಸುವುದು 1937ರ 'ರೆಡ್ ಟಾಪ್' ಮುಚ್ಚಳದಷ್ಟೇ ಹಳೆಯ ಅಭ್ಯಾಸ.

ಕೊನೆಗೆ ಉಳಿದದ್ದು ಎಲ್‌ಇಡಿಯ ತಕರಾರು, ನನಗೆ ಎಲ್ಲಕ್ಕಿಂತ ಗಟ್ಟಿಯೆನಿಸುವುದು ಇದೇ. ಟ್ಯೂಬು ಸುತ್ತಲೂ ಸಮನಾಗಿ ಬೆಳಕು ಚೆಲ್ಲುತ್ತದೆ. ಫಲಕದ ಪ್ಲಾಸ್ಟಿಕ್ಕನ್ನೂ ಅದರ ಬಣ್ಣವನ್ನೂ ಆ ಬೆಳಕಿಗೆ ಹೊಂದಿಸಿ ಮಾಡಿದ್ದರು. ಎಲ್‌ಇಡಿ ಒಂದೇ ಕಡೆ ನೋಡುತ್ತದೆ. ಅಗ್ಗದ್ದನ್ನು ಹಾಕಿದರೆ ಫಲಕದ ಮೇಲೆ ಪಟ್ಟೆ ಪಟ್ಟೆ ಬೆಳಕು, ಅಂಚಿನಲ್ಲಿ ಕತ್ತಲು, ಕೆಂಪಿಗೆ ಒಂದು ಬಗೆಯ ನೀಲಿ ಸೋಂಕು. ಬೆಳಕೇ ಆ ಯಂತ್ರದ ಮಾತು ಎಂದು ಒಪ್ಪಿದ ಮೇಲೆ ಈ ವ್ಯತ್ಯಾಸ ಸಣ್ಣದೆಂದು ನಾನು ಹೇಳಲಾರೆ. ಆದ್ದರಿಂದ ಟ್ಯೂಬು ಮತ್ತು ಚೋಕ್ ಸಿಗುವವರೆಗೆ ಅವನ್ನೇ ಹಾಕುವುದು ಸರಿ. ಸಿಗುವ ಕಾಲ ಮಾತ್ರ ಮುಗಿಯುತ್ತಿದೆ. ಒಂದೂವರೆ ಅಂಗುಲ ದಪ್ಪದ ಹಳೆಯ ಟಿ12 ಟ್ಯೂಬುಗಳ ಬಹುಪಾಲನ್ನು ಅಮೆರಿಕದ ಇಂಧನ ನಿಯಮಗಳು 2012ರಲ್ಲೇ ಮಾರುಕಟ್ಟೆಯಿಂದ ಹೊರಗಟ್ಟಿದವು. ಪಾದರಸದ ಬಳಕೆ ತಗ್ಗಿಸುವ ಮಿನಾಮಾಟ ಒಪ್ಪಂದದ ದೇಶಗಳು 2023ರಲ್ಲಿ ಸೇರಿ ಸಾಮಾನ್ಯ ಬಳಕೆಯ ಟ್ಯೂಬ್‌ಲೈಟುಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಲು ಒಪ್ಪಿವೆ. ಹಾಗಾಗಿ ಬಣ್ಣದ ಹದ ನೋಡಿ, ಅಗಲಕ್ಕೆ ಬೆಳಕು ಹರಡುವ ಎಲ್‌ಇಡಿ ಟ್ಯೂಬನ್ನು ಆರಿಸಿ, ಚೋಕ್ ತೆಗೆದು ನೇರ ವೈರು ಕೊಡುವ ಕೆಲಸ ಈಗಾಗಲೇ ವರ್ಕ್‌ಶಾಪುಗಳಲ್ಲಿ ನಡೆದಿದೆ. ಅದರಲ್ಲೂ ಎಡವುವ ಜಾಗವೊಂದಿದೆ. ಕೆಲವು ಹೋಲ್ಡರುಗಳಲ್ಲಿ ಎರಡು ಪಿನ್ನಿನ ಕಂಡಿಗಳು ಒಳಗೇ ಒಂದಕ್ಕೊಂದು ಕೂಡಿರುತ್ತವೆ. ಒಂದೇ ತುದಿಗೆ ಫೇಸ್ ಮತ್ತು ನ್ಯೂಟ್ರಲ್ ಬೇಡುವ ಎಲ್‌ಇಡಿಗೆ ಅಂಥ ಹೋಲ್ಡರಿನಲ್ಲಿ ವೈರು ಕೊಟ್ಟರೆ ಸ್ವಿಚ್ ಹಾಕಿದೊಡನೆ ಶಾರ್ಟ್ ಸರ್ಕ್ಯೂಟ್. ವೈರು ಬದಲಿಸಿದ ಹೋಲ್ಡರಿಗೆ ಮುಂದೆ ಯಾರಾದರೂ ತಿಳಿಯದೆ ಹಳೆಯ ಟ್ಯೂಬನ್ನು ಸಿಕ್ಕಿಸಿದರೂ ಅನಾಹುತವೇ. ಅದಕ್ಕೇ ಇಂಥ ಬದಲಾವಣೆ ಮಾಡಿದವರು ಒಳಗೆ ಒಂದು ಚೀಟಿ ಅಂಟಿಸಬೇಕು: ಚೋಕ್ ತೆಗೆಯಲಾಗಿದೆ, ಫೇಸ್ ಈ ತುದಿಯಲ್ಲಿದೆ, ಹಳೆಯ ಟ್ಯೂಬ್ ಹಾಕಬೇಡಿ. ಅದನ್ನು ಅಂಟಿಸಲು ಸರಿಯಾದ ಜಾಗ ಬಾಗಿಲ ಒಳಮೈ, ಕಾರ್ಖಾನೆಯ ನಕ್ಷೆಯ ಪಕ್ಕದಲ್ಲಿ. ಮುಂದಿನ ಮೆಕ್ಯಾನಿಕ್ ಮೊದಲು ನೋಡುವುದು ಅಲ್ಲೇ.